ಗಂಗೂಬಾಯಿಯ ಜಿಪ್ಸಿಗೆ ಹೊಸ ಆಂಟೆನಾ

ಬೆಳಿಗ್ಗೆ ಹಾಲು ತರಲೆಂದು ಕೆಳಗಿಳಿದ ಗಂಗೂಬಾಯಿ ತನ್ನ ಜಿಪ್ಸಿಯ ಮುಂದೆ ನಿಂತುಬಿಟ್ಟಳು. ಎಡಗಡೆಯ ಮಡ್‌ಗಾರ್ಡಿನ ಮೇಲೆ, ಮುಂಗಾಜಿನ ಬುಡದಲ್ಲಿ ನೆಟ್ಟಗೆ ನಿಂತಿರುತ್ತಿದ್ದ ರೇಡಿಯೊ ಆಂಟೆನಾ ಅಲ್ಲಿರಲಿಲ್ಲ. ಬೆರಳುದ್ದದ ಮೊಂಡು ಮಾತ್ರ ಉಳಿದಿತ್ತು. ಮಿಕ್ಕ ಕಡ್ಡಿಯನ್ನು ಯಾರೋ ಮರ್ಯಾದೆಯಿಂದ ಎತ್ತಿ ಬಾನೆಟ್ಟಿನ ಮೇಲೆ ಇಟ್ಟಿದ್ದರು.

ಆಂಟೆನಾ ತಾನಾಗಿ ಮುರಿದು, ತಾನಾಗಿ ಬಾನೆಟ್ಟಿನ ಮೇಲೆ ಮಲಗುವುದಿಲ್ಲ. ಅವಳು ಕಡ್ಡಿಯನ್ನು ಕೈಗೆತ್ತಿಕೊಂಡು ಸುತ್ತ ನೋಡಿದಳು. ಕಲ್ಕತ್ತೆಯ ಡಮ್ ಡಮ್‌ನ ಆ ಹೌಸಿಂಗ್ ಕಾಂಪ್ಲೆಕ್ಸಿನ ಅಂಗಳದ ತುಂಬ ದುರ್ಗಾಪೂಜೆಯ ಪೆಂಡಾಲಿಗೆ ಬಂದ ಬಿದಿರಿನ ಕಟ್ಟುಗಳು ಬಿದ್ದಿದ್ದವು. ಹಿಂದಿನ ಸಂಜೆ ಅವು ಇರಲಿಲ್ಲ.

ಗೇಟಿನ ಕಾವಲುಗಾರನನ್ನು ಕೇಳಿದಳು. ಅವನು ಮೊದಲು ಗೊತ್ತಿಲ್ಲವೆಂದ. ಅವಳು ಅಲ್ಲಿಂದ ಕದಲದ್ದನ್ನು ಕಂಡು ಆಮೇಲೆ ಬಾಯಿಬಿಟ್ಟ. ಬಿದಿರು ತಂದ ಲಾರಿ ಹಿಂದಕ್ಕೆ ಬರುವಾಗ ಒಂದು ಕಟ್ಟಿನ ತುದಿ ಆಂಟೆನಾಕ್ಕೆ ಬಡಿದಿತ್ತು. ಲಾರಿಯವರು ಮೇಲೆ ಬಂದು ಹೇಳುತ್ತೇವೆ ಅಂದರಂತೆ. ಅಲ್ಲೇ ನಿಂತಿದ್ದ ಕಮಿಟಿಯ ಸೆಕ್ರೆಟರಿ ಬಸು ಬಾಬು, ಆ ಗಾಡಿ ಹೇಗೂ ಹೋಗುವುದೇ, ಹೇಳಿ ಏನಾಗಬೇಕು ಅಂದರಂತೆ.

ಈ ಬಸು ಬಾಬು ಕಾಂಪ್ಲೆಕ್ಸಿಗೆ ಬಂದು ನಾಲ್ಕೈದು ವರ್ಷವಾಗಿತ್ತು. ಕಲ್ಕತ್ತೆಗೆ ಬಂದ ಹೊಸದರಲ್ಲಿ ಬಸು ಎಂಬ ಮನೆತನದ ಹೆಸರನ್ನು ಮೊದಲ ಸಲ ಕೇಳಿದಾಗ ಗಂಗೂಬಾಯಿಗೆ ನಗು ತಡೆಯಲಾಗಿರಲಿಲ್ಲ. ಅವಳ ಊರಿನಲ್ಲಿ ಬಸು ಅಂದರೆ ಬಸವರಾಜನನ್ನು ಮುದ್ದಿನಿಂದ ಕರೆಯುವ ಹೆಸರು. ಓಣಿಗೆ ಇಬ್ಬರಾದರೂ ಇರುತ್ತಿದ್ದರು, ಮೂಗು ಒರೆಸಿಕೊಳ್ಳುತ್ತ ಗೋಲಿಯಾಡುವವರು. ಇಲ್ಲಿಯ ಬಸು ಬಾಬು ಇಸ್ತ್ರಿ ಮುರಿಯದ ಕುರ್ತಾ ತೊಟ್ಟು, ಎಲ್ಲರನ್ನೂ ನಯವಾಗಿ ಮಾತನಾಡಿಸುವವರು. ಅಂಗಳ ಚೆಂದವಾಗಿ ಕಾಣಬೇಕು ಅನ್ನುವುದು ಅವರ ಒಂದೇ ಹಂಬಲ. ಒಣಗಿದ ಕುಂಡ, ಹಳೆಯ ಸೈಕಲ್ಲು, ಬಾಲ್ಕನಿಯಲ್ಲಿ ಹರವಿದ ಬಟ್ಟೆ, ಎಲ್ಲದಕ್ಕೂ ಅವರದು ಒಂದೊಂದು ನೋಟಿಸು. ಈ ಸಲ ಗೇಟಿನ ಬೋರ್ಡಿಗೆ ಅಂಟಿದ್ದ ನೋಟಿಸು ಹದಿನೈದು ವರ್ಷ ಮೀರಿದ ವಾಹನಗಳನ್ನು ಅಂಗಳದಿಂದ ತೆರವು ಮಾಡುವ ಬಗ್ಗೆ ಭಾನುವಾರ ಸಭೆ ಕರೆದಿತ್ತು. ವಾಹನಗಳು ಎಂದು ಬಹುವಚನದಲ್ಲಿ ಬರೆದಿದ್ದರೂ, ಅಂಥದ್ದು ಅಲ್ಲಿ ಇದ್ದದ್ದು ಒಂದೇ.

ಅದು ಬಿಳಿ ಜಿಪ್ಸಿ. ಬಿಳಿ ಅನ್ನುವುದು ಹಳೆಯ ಮಾತು. ಈಗ ಅದು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಪೆಟ್ರೋಲ್ ಗಾಡಿ, ನಾಲ್ಕೂ ಚಕ್ರಕ್ಕೆ ಬಲ ಹೋಗುವಂಥದ್ದು, ಕಲ್ಲು ಕೆಸರು ಅಂತ ನೋಡದೆ ನುಗ್ಗುವಂಥದ್ದು. ನೋಂದಣಿ ಮತ್ತೆ ಮಾಡಿಸಿ, ತಪಾಸಣೆಯಲ್ಲಿ ಪಾಸಾಗಿ, ಕಾಗದಪತ್ರವೆಲ್ಲ ಸರಿಯಾಗಿತ್ತು. ಹೊಳೆಯುವ ಕಾರುಗಳ ನಡುವೆ ಅದು ಹೊಲದಿಂದ ನೇರವಾಗಿ ಮದುವೆಮನೆಗೆ ಬಂದ ನೆಂಟನ ಹಾಗೆ ನಿಂತಿರುತ್ತಿತ್ತು.

ಗಂಗೂಬಾಯಿ ಅಣ್ಣಿಗೇರಿಯವಳು. ಅಪ್ಪ ಅಲ್ಲಿಯ ರೈಲ್ವೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ. ಹುಬ್ಬಳ್ಳಿಯಲ್ಲಿ ನಕ್ಷೆ ಬರೆಯುವ ಕೋರ್ಸು ಮುಗಿಸಿ, ಕೇಂದ್ರ ಸರ್ಕಾರದ ಸರ್ವೆ ಇಲಾಖೆಯೊಂದರ ಪರೀಕ್ಷೆ ಪಾಸಾಗಿ ಕಲ್ಕತ್ತೆಯ ಕಚೇರಿಗೆ ಬಂದಾಗ ಅವಳಿಗೆ ಬಂಗಾಳಿಯ ಒಂದಕ್ಷರ ಬರುತ್ತಿರಲಿಲ್ಲ. ಮುಂದೆ ಸಿಯಾಲ್ದಾದಲ್ಲಿ ರೈಲ್ವೆ ಸಿಗ್ನಲ್ ವಿಭಾಗದಲ್ಲಿದ್ದ ಗದಗಿನ ಕಲ್ಲಪ್ಪ ಹೊಸಮನಿಯನ್ನು ಮದುವೆಯಾಗಿ ಇಲ್ಲಿಯವಳೇ ಆದಳು. ಕಚೇರಿಯಲ್ಲೂ ಓಣಿಯಲ್ಲೂ ಎಲ್ಲರ ಬಾಯಲ್ಲಿ, ಅಕ್ಕನೆಂಬ ಅರ್ಥದಲ್ಲಿ, ಗಂಗಾದಿ ಆದಳು.

ಕಚೇರಿಯಲ್ಲಿ ಅವಳ ಕೆಲಸ ಬೇರೆಯವರು ಅಳೆದು ತಂದದ್ದನ್ನು ಕಾಗದದ ಮೇಲೆ ಇಳಿಸುವುದು. ಅವಳು ಗುಡ್ಡ ಬರೆದಳು, ಹಳ್ಳ ಬರೆದಳು, ಸಾಲ ಮರದ ಕಾಡಿನ ಅಂಚು ಬರೆದಳು. ಒಂದನ್ನೂ ಕಣ್ಣಿಂದ ನೋಡಿರಲಿಲ್ಲ. ಗಂಡಸರು ಚಳಿಗಾಲದಲ್ಲಿ ಕ್ಯಾಂಪಿಗೆ ಹೋಗಿ ಬಿಸಿಲಿಗೆ ಕಪ್ಪಾಗಿ ಬರುತ್ತಿದ್ದರು. ಅವಳೂ ಹೋಗುತ್ತೇನೆಂದು ಕೇಳಿದಾಗ ಸಾಹೇಬರು ನಕ್ಕರು. ಮರುವರ್ಷ ಕೇಳಿದಾಗ ನಗಲಿಲ್ಲ, ಬೇಸರಪಟ್ಟರು. ಸಾಹೇಬರು ಬದಲಾದರು, ಉತ್ತರ ಬದಲಾಗಲಿಲ್ಲ: ಅಲ್ಲಿ ಹೆಂಗಸರಿಗೆ ಬೇಕಾದ ವ್ಯವಸ್ಥೆ ಇಲ್ಲ. ಕೊನೆಗೊಮ್ಮೆ ಅವಳು ಮೇಜಿನ ಮುಂದೆ ನಿಂತು, ಆ ಊರುಗಳಲ್ಲಿ ಹೆಂಗಸರೇ ಇಲ್ಲವೆ ಎಂದು ಕೇಳಿದಳು. ಇದ್ದರೆ ಅವರು ಎಲ್ಲಿಗೆ ಹೋಗುತ್ತಾರೋ ತಾನೂ ಅಲ್ಲಿಗೇ ಹೋಗುವುದಾಗಿ ಹೇಳಿದಳು. ಆ ಚಳಿಗಾಲ ಅವಳನ್ನು ಬಂಗಾಳದ ಪಶ್ಚಿಮ ಅಂಚಿನ ಪುರುಲಿಯಾ ಕಡೆಯ ಅಯೋಧ್ಯಾ ಗುಡ್ಡದ ಕ್ಯಾಂಪಿಗೆ ಕಳಿಸಿದರು. ಅವಳಿಗಾಗ ನಲವತ್ತು ಸಮೀಪಿಸಿತ್ತು, ಮಗ ನಿತಿನ್ ಶಾಲೆಯಲ್ಲಿದ್ದ. ಮನೆ ನಾನು ನೋಡಿಕೊಳ್ಳುತ್ತೇನೆ, ನೀನು ಹೋಗಿ ಬಾ ಎಂದು ಕಲ್ಲಪ್ಪ ಹೇಳಿದ್ದ. ಕಡಿಮೆ ಮಾತಿನ ಕಲ್ಲಪ್ಪನ ಮಟ್ಟಿಗೆ ಅದು ದೊಡ್ಡ ಭಾಷಣವೇ.

ಕ್ಯಾಂಪಿನ ಗಾಡಿಯೇ ಈ ಜಿಪ್ಸಿ. ಅದರ ಡ್ರೈವರ್ ಅಭಯ ಮಾಹಾತೊ ಆ ಸೀಮೆಯವನೇ. ಸಂಜೆ ಹೊತ್ತು ಬತ್ತಿದ ಹೊಳೆಯ ಮರಳಲ್ಲಿ ಅವಳಿಗೆ ಗಾಡಿ ಕಲಿಸಿದವನು ಅವನು. ಸ್ಟಿಯರಿಂಗ್ ಬಿಗಿ, ಗೇರು ಬಿಗಿ, ಕ್ಲಚ್ ಒತ್ತಿದರೆ ಮೊಣಕಾಲು ನೋವು. ಆದರೂ ಕಲಿತಳು. ಅಭಯನಿಗೆ ರೇಡಿಯೊದ ಹುಚ್ಚು; ರಾಂಚಿ ಸ್ಟೇಷನ್ ಹಾಕಿಕೊಂಡು, ಬಂದ ಹಾಡಿಗೆಲ್ಲ ಗುನುಗುತ್ತ ಓಡಿಸುವನು.

ಕ್ಯಾಂಪು ಮುಗಿಯುವ ಮುಂಚೆ ಅಭಯನಿಗೆ ಮಲೇರಿಯಾ ಬಂತು. ಒಂದು ಮಧ್ಯಾಹ್ನ ಜ್ವರ ತಲೆಗೇರಿ ಏನೇನೋ ಬಡಬಡಿಸತೊಡಗಿದ. ಸಾಹೇಬರು ಬೇರೆ ಕ್ಯಾಂಪಿನಲ್ಲಿದ್ದರು. ಗಾಡಿ ಓಡಿಸಲು ಗೊತ್ತಿದ್ದವಳು ಅವಳೊಬ್ಬಳೇ, ಅದೂ ಮರಳಿನಲ್ಲಿ ಮಾತ್ರ. ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಕಾಡಿನ ಕಲ್ಲುದಾರಿಯಲ್ಲಿ ಪುರುಲಿಯಾ ಪಟ್ಟಣದ ಆಸ್ಪತ್ರೆಗೆ ಹೊರಟಳು. ತಿರುಗಿ ನೋಡುವ ಧೈರ್ಯವಿರಲಿಲ್ಲ. ಕಣ್ಣು ದಾರಿಯಿಂದ ಕಿತ್ತರೆ ಗಾಡಿ ಕಂದಕಕ್ಕೆ. ಅದಕ್ಕೇ ರೇಡಿಯೊ ಜೋರಾಗಿ ಹಾಕಿದಳು. ಹಾಡು ಬಂದಾಗಲೆಲ್ಲ ಹಿಂದಿನಿಂದ ಅಭಯನ ಗುನುಗು ಕೇಳುತ್ತಿತ್ತು. ಗುನುಗು ಇದ್ದರೆ ಜೀವ ಇದೆ. ಒಮ್ಮೆ ಅದು ನಿಂತಾಗ ಗಾಡಿ ನಿಲ್ಲಿಸಿ, ಇಳಿದು, ಅವನ ಮುಖಕ್ಕೆ ನೀರು ಹಾಕಿ, ಅವನು ಕಣ್ಣು ಬಿಟ್ಟ ಮೇಲೆ ಮತ್ತೆ ಹೊರಟಳು. ಅಭಯ ಬದುಕಿದ. ಆಮೇಲೂ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾಗಿ ತನ್ನ ಊರಿಗೆ ಹೋದ. ಗಂಗೂಬಾಯಿಯನ್ನು ಕ್ಯಾಂಪಿಗೆ ಕಳಿಸಲು ಇಲಾಖೆಯಲ್ಲಿ ಮತ್ತೆ ಯಾರೂ ಅಡ್ಡಿ ಹೇಳಲಿಲ್ಲ. ಹಳತಾಯಿತೆಂದು ಇಲಾಖೆ ಆ ಜಿಪ್ಸಿಯನ್ನು ಹರಾಜಿಗೆ ಇಟ್ಟಾಗ ಗುಜರಿಯವರ ನಡುವೆ ಕೈಯೆತ್ತಿ ನಿಂತು ಕೊಂಡವಳು ಅವಳು.

ಇದೆಲ್ಲ ಬಸು ಬಾಬುಗೆ ಗೊತ್ತಿರಲಿಲ್ಲ. ಗೊತ್ತುಮಾಡುವ ಮನಸ್ಸು ಗಂಗೂಬಾಯಿಗೂ ಇರಲಿಲ್ಲ.

ಮುರಿದ ಕಡ್ಡಿಯನ್ನು ಹಿಡಿದುಕೊಂಡೇ ಅವಳು ಬಸು ಬಾಬು ಇದ್ದಲ್ಲಿಗೆ ಹೋದಳು. ಅವರು ಕಮಿಟಿಯ ಇನ್ನಿಬ್ಬರೊಂದಿಗೆ ಮಣ್ಣಿನ ಭಾಂಡದಲ್ಲಿ ಚಹಾ ಕುಡಿಯುತ್ತ, ಪೆಂಡಾಲಿನ ಬಾಗಿಲು ಯಾವ ಕಡೆಗೆ ಬರಬೇಕೆಂದು ನೋಡುತ್ತಿದ್ದರು. ಅವಳ ಕೈಯಲ್ಲಿದ್ದುದನ್ನು ಕಂಡು ಅವರಿಗೆ ತುಸು ಮುಜುಗರವಾಯಿತು. ನಾವೇ ಬಂದು ಹೇಳಬೇಕೆಂದಿದ್ದೆವು, ಪೂಜೆಯ ಗಡಿಬಿಡಿ ಎಂದರು. ಆಮೇಲೆ ದನಿ ತಗ್ಗಿಸಿ, ತಿಳಿದವರ ಹಾಗೆ, ಇದನ್ನು ಒಂದು ಸೂಚನೆ ಅಂತ ತಿಳಿಯಬಾರದೆ ಗಂಗಾದಿ, ಒಳ್ಳೆಯ ಗಿರಾಕಿ ನಾವೇ ನೋಡಿಕೊಡುತ್ತೇವೆ ಎಂದರು. ಅದರ ಮೇಲೆ ಇನ್ನೂ ಒಂದು ಮಾತು ಸೇರಿಸಿದರು.

"ಈಗಿನ ಕಾಲದಲ್ಲಿ ರೇಡಿಯೊ ಯಾರು ಕೇಳ್ತಾರೆ, ಹೇಳಿ?"

"ನಾನು ಕೇಳ್ತೀನಿ," ಎಂದಳು ಗಂಗೂಬಾಯಿ.

ಅವಳ ಬಂಗಾಳಿಗೆ ಈಗಲೂ ಅಣ್ಣಿಗೇರಿಯ ಒರಟು ಇತ್ತು. ಚಹಾ ಕುಡಿಯುತ್ತಿದ್ದ ಇಬ್ಬರೂ ಭಾಂಡದ ಒಳಗೆ ನೋಡಿದರು. ಭಾನುವಾರ ಹೊಸ ಆಂಟೆನಾ ಹಾಕುವುದಾಗಿಯೂ, ಅವತ್ತು ಜಿಪ್ಸಿಯ ಹತ್ತಿರ ಬಿದಿರು ಇಡಬಾರದೆಂದೂ ಹೇಳಿ ಅವಳು ಮೇಲೆ ಬಂದಳು.

ಸಂಜೆ ನಿತಿನ್‌ನ ಫೋನು ಬಂತು. ಅವನು ಹೆಂಡತಿ ವಂದನಾ ಜೊತೆ ಊರ ದಕ್ಷಿಣ ತುದಿಯ ಜೋಕಾದಲ್ಲಿದ್ದ, ಅಲ್ಲಿಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಆಡಳಿತ ಕಚೇರಿಯಲ್ಲಿ ಕೆಲಸ. ಅಮ್ಮನ ವಯಸ್ಸು, ನಗರದ ಟ್ರಾಫಿಕ್ಕು, ಹಳೆಯ ಬ್ರೇಕು, ಈ ಮೂರು ಸೇರಿ ಅವನಿಗೆ ಜಿಪ್ಸಿ ಅಂದರೆ ಒಂದು ಹೆದರಿಕೆ. ಇಲ್ಲೇ ಹುಟ್ಟಿ ಬೆಳೆದವನ ಕನ್ನಡ ಹಿಂದಿ ಇಂಗ್ಲಿಷುಗಳ ನಡುವೆ ದಾರಿ ಮಾಡಿಕೊಂಡು ಬರುತ್ತಿತ್ತು.

"ಅವ್ವಾ, ಟೂಟ್ ಗಯಾ ತೋ ಟೂಟ್ ಗಯಾ. ಗಾಡಿ ಬೇಕಾದ್ರ ಆ್ಯಪ್‌ನಾಗ ಕರಸು. ರೇಡಿಯೊ ಬೇಕಾದ್ರ ಫೋನ್‌ನಾಗ ಕೇಳು. ಪ್ರಾಬ್ಲಮ್ ಏನು?"

"ಪ್ರಾಬ್ಲಮ್ ಏನಿಲ್ಲಪಾ. ಏರಿಯಲ್ ಮುರದೈತಿ, ಹೊಸಾದು ಹಾಕ್ತೀನಿ. ಅಷ್ಟ."

ನಿತಿನ್ ಇನ್ನೂ ಏನೋ ಹೇಳುತ್ತಿದ್ದ. ಫೋನು ಅವನ ಕೈಯಿಂದ ಜಾರಿದ ಹಾಗಾಯಿತು, ಆಮೇಲೆ ವಂದನಾಳ ದನಿ ಬಂತು. ವಂದನಾ ಮೈಸೂರಿನವಳು, ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಅತ್ತೆಯ ಜೊತೆ ಅವಳದು ಹಬ್ಬಹರಿದಿನದ ಮಾತು, ಹೆಚ್ಚಿಗೆ ಬೆಳೆದಿರಲಿಲ್ಲ. "ಅತ್ತೆ, ಆಂಟೆನಾ ತರೋಕೆ ಎಲ್ಲಿಗೆ ಹೋಗ್ತೀರಿ? ಶನಿವಾರ ನನಗೆ ರಜಾ. ನಾನೂ ಬರ್ತೀನಿ," ಅಂದಳು. ಯಾಕೆ ಅಂತ ಅತ್ತೆ ಕೇಳಲಿಲ್ಲ, ಸೊಸೆ ಹೇಳಲೂ ಇಲ್ಲ.

ಹಳೆಯ ಗಾಡಿಗಳ ಬಿಡಿಭಾಗ ಬೇಕಾದರೆ ಕಲ್ಕತ್ತೆಯವರು ಮಲ್ಲಿಕ್ ಬಜಾರಿಗೇ ಹೋಗುವುದು. ಶನಿವಾರ ಇಬ್ಬರೂ ಅಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದರು. ಬಾಗಿಲಿನ ಹಿಡಿ, ದೀಪದ ಗಾಜು, ಸೈಲೆನ್ಸರಿನ ಕೊಳವೆ, ಎಲ್ಲ ಸೂರಿನಿಂದ ಜೋತು ಬಿದ್ದಿದ್ದವು. ಮೊದಲ ಅಂಗಡಿಯವನು ಗಾಡಿಯ ಸಾಹೇಬರು ಎಲ್ಲಿ ಎಂದು ಕೇಳಿದ. ಗಾಡಿ ನನ್ನದೇ ಎಂದು ಗಂಗೂಬಾಯಿ ಹೇಳಿದ ಮೇಲೂ ಅವನು ವಂದನಾಳ ಹಿಂದೆ ಯಾರಾದರೂ ಗಂಡಸು ಬರುತ್ತಿರಬಹುದೇ ಎಂದು ಇಣುಕಿದ. ಎರಡನೆಯವನು ಮೀನಿನ ರೆಕ್ಕೆಯಂಥ ಕಪ್ಪು ಪ್ಲಾಸ್ಟಿಕ್ ತೋರಿಸಿ, ಅಂಟಿಸಿದರೆ ಮುಗಿಯಿತು, ಈಗ ಎಲ್ಲರೂ ಇದನ್ನೇ ಹಾಕುವುದು ಎಂದ. ಇದು ಸ್ಟೇಷನ್ ಹಿಡಿಯುತ್ತದೆಯೇ ಎಂದು ಅವಳು ಕೇಳಿದಾಗ, ಹಿಡಿಯುವುದಿಲ್ಲ, ನೋಡಲು ಚೆಂದ ಎಂದ. ಗಂಗೂಬಾಯಿ ಅದನ್ನು ಅವನ ಮೇಜಿನ ಮೇಲೆ ಬೋರಲು ಹಾಕಿ ಎದ್ದಳು.

ಕೊನೆಗೆ ಒಳಗಿನ ಗಲ್ಲಿಯ ಅಂಗಡಿಯೊಂದರಲ್ಲಿ, ಗಿರಾಕಿಗಳ ಕಡೆ ನೋಡದೆ ಊಟ ಮಾಡುತ್ತಿದ್ದ ಮುದುಕ, ಬೇಕಾದರೆ ಹುಡುಕಿಕೊಳ್ಳಿ ಎಂದು ಒಂದು ಮೂಲೆ ತೋರಿಸಿದ. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಹುಡುಕಿದರು. ವಂದನಾಳ ಬಿಳಿ ಚೂಡಿದಾರಕ್ಕೆ ಎಣ್ಣೆ ಹತ್ತಿತು; ಅವಳು ಒರೆಸಿಕೊಳ್ಳಲೂ ಹೋಗಲಿಲ್ಲ. ಸಿಕ್ಕಿದ್ದು ಅವಳ ಕೈಗೇ. ಒಂದರೊಳಗೊಂದು ಸೇರುವ ಮೂರು ತುಂಡಿನ ಉಕ್ಕಿನ ಕಡ್ಡಿ, ಕೆಳಗೆ ರಬ್ಬರಿನ ಮೆತ್ತೆ, ಅದಕ್ಕೆ ಜೋಡಿಸಿದ ಕಪ್ಪು ಕೇಬಲ್. ಕಡ್ಡಿಯನ್ನು ಪೂರ್ತಿ ಎಳೆದು ಅವಳು ಗಲ್ಲಿಯ ಬೆಳಕಿಗೆ ಹಿಡಿದಳು. ಎಲ್ಲೂ ಬಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ವಂದನಾ ಹಿಂದಿನ ರಾತ್ರಿ ಅಲ್ಲೇ ಉಳಿದುಕೊಂಡಿದ್ದಳು. ನಿತಿನ್ ಬೆಳಗಿನ ಮೆಟ್ರೊ ಹಿಡಿದು ಬಂದು ಬಾಲ್ಕನಿಯಲ್ಲಿ ಅಪ್ಪನ ಪಕ್ಕ ಕೂತ. ಗಂಗೂಬಾಯಿ ಹಳೆಯ ಹತ್ತಿ ಸೀರೆಯನ್ನು ಎತ್ತಿ ಕಟ್ಟಿಕೊಂಡು, ಮುಂದಿನ ಚಕ್ರದ ಒಳಗಿನ ಕೆಸರು ತಡೆಯನ್ನು ಬಿಚ್ಚಿದಳು. ಆಂಟೆನಾದ ಬುಡದ ನಟ್ಟು ತುಕ್ಕು ಹಿಡಿದು ಕಲ್ಲಾಗಿತ್ತು. ಎಣ್ಣೆ ಬಿಟ್ಟು, ಕಾದು, ಪಾನಾ ಹಾಕಿ ಜಗ್ಗಿದಳು. ಮೂರನೆಯ ಸಲ ಅದು ನರಳಿ ಸಡಿಲಾಯಿತು.

ಹಳೆಯ ಕೇಬಲ್ ಮಡ್‌ಗಾರ್ಡಿನ ಒಳಗಿನಿಂದ ಒಂದು ರಬ್ಬರು ತೂತಿನಲ್ಲಿ ಹಾದು, ಡ್ಯಾಶ್‌ಬೋರ್ಡಿನ ಹಿಂದೆ ರೇಡಿಯೊದವರೆಗೆ ಹೋಗಿತ್ತು. ಗಂಗೂಬಾಯಿಯ ಯೋಚನೆ ಸರಳವಾಗಿತ್ತು: ಹಳೆಯ ಕೇಬಲಿನ ಒಳತುದಿಗೆ ದಾರ ಕಟ್ಟಿ ಹೊರಗಿನಿಂದ ಎಳೆಯುವುದು, ಕೇಬಲಿನ ಹಿಂದೆ ದಾರ ಬರುತ್ತದೆ, ಆ ದಾರಕ್ಕೆ ಹೊಸ ಕೇಬಲ್ ಕಟ್ಟಿ ಒಳಗಿನಿಂದ ಎಳೆದರೆ ತಾನಾಗಿ ದಾರಿ ಹಿಡಿದು ಹೋಗುತ್ತದೆ. ಗ್ಲವ್ ಬಾಕ್ಸ್ ತೆಗೆದರೂ ಆ ಸಂದಿಯಲ್ಲಿ ಅವಳ ಕೈ ಹಿಡಿಸಲಿಲ್ಲ.

"ಅತ್ತೆ, ನನ್ ಕೈ ಸಣ್ಣದು. ಒಳಗಿಂದ ನಾನು ನೋಡ್ಕೋತೀನಿ, ನೀವು ಹೊರಗೆ ಎಳೀರಿ."

ವಂದನಾ ಸೀಟಿನ ಮುಂದೆ ನೆಲಕ್ಕೆ ಕೂತು, ಭುಜದವರೆಗೂ ಕೈ ತೂರಿಸಿ, ಕಾಣದ ಕತ್ತಲಲ್ಲಿ ಬೆರಳಿನಿಂದಲೇ ಕೇಬಲಿನ ಪಿನ್ನು ಕಿತ್ತು ದಾರ ಕಟ್ಟಿದಳು. ಗಂಗೂಬಾಯಿ ಹೊರಗಿನಿಂದ ಎಳೆದಳು. ಅರ್ಧದವರೆಗೆ ಸುಸೂತ್ರವಾಗಿ ಬಂತು. ರಬ್ಬರು ತೂತಿನಲ್ಲಿ ಪಿನ್ನು ಸಿಕ್ಕಿಕೊಂಡಿತು. ಇನ್ನೊಂದು ಸಲ ಎಳೆದಾಗ ಕೇಬಲ್ ಬಂತು, ದಾರ ಬರಲಿಲ್ಲ. ಗಂಟು ಒಳಗೇ ಬಿಚ್ಚಿಹೋಗಿತ್ತು.

ಬಾಲ್ಕನಿಯಿಂದ ನಿತಿನ್, ಮೆಕ್ಯಾನಿಕ್ಕನ್ನು ಕರೆಸಲೇ ಎಂದು ಕೇಳಿದ. ಬೇಡ ಎಂದು ಗಂಗೂಬಾಯಿ ಕೈಯಾಡಿಸಿದಳು. ಗಂಟು ತಾನು ಸರಿಯಾಗಿ ಬಿಗಿದಿರಲಿಲ್ಲವೆಂದು ವಂದನಾಗೆ ಅಳು ಬರುವಂತಾಗಿತ್ತು. "ನೀ ಬಿಗದಿದ್ದಿ. ನಾನ ಜೋರಾಗಿ ಎಳದೆ. ಏಳು, ತಂತಿ ತಾ," ಅಂದಳು ಗಂಗೂಬಾಯಿ. ಬಟ್ಟೆ ಹರವುವ ತಂತಿಯ ತುಂಡೊಂದನ್ನು ತುದಿಯಲ್ಲಿ ಬಾಗಿಸಿ, ಹೊರಗಿನಿಂದ ಆ ತೂತಿಗೆ ತೂರಿಸುತ್ತ ಹೋದರು. ಒಳಗೆ ವಂದನಾಳ ಬೆರಳು, ಹೊರಗೆ ಗಂಗೂಬಾಯಿಯ ತಂತಿ; ಎರಡೂ ಸೇರಲು ಬಹಳ ಹೊತ್ತು ಬೇಕಾಯಿತು. ಅಷ್ಟರಲ್ಲಿ ಅಂಗಳದಲ್ಲಿ ಹಾದುಹೋಗುವವರೆಲ್ಲ ನಿಂತು ನೋಡಿದ್ದರು. ಕೆಲವರು ಸಲಹೆಯನ್ನೂ ಕೊಟ್ಟಿದ್ದರು. ತಂತಿಗೆ ಕೇಬಲ್ ಕಟ್ಟಿ ಒಳಗೆ ಎಳೆದುಕೊಂಡು ಪಿನ್ನು ಚುಚ್ಚಿ, ಹೊಸ ಕಡ್ಡಿಯ ನಟ್ಟು ಬಿಗಿದು, ರೇಡಿಯೊ ಹಾಕಿದರೆ ಬರೀ ಬುಸುಗುಟ್ಟುವ ಸದ್ದು. ಎಲ್ಲಿಗೆ ತಿರುಗಿಸಿದರೂ ಅದೇ.

ಅದೇ ಹೊತ್ತಿಗೆ ಕಾವಲುಗಾರ ಬಂದು, ಸಭೆ ಶುರುವಾಯಿತು, ಕರೆಯುತ್ತಿದ್ದಾರೆ ಎಂದ.

ಗಂಗೂಬಾಯಿ ಕೈ ತೊಳೆಯಲಿಲ್ಲ. ಎತ್ತಿ ಕಟ್ಟಿದ್ದ ಸೀರೆ ಇಳಿಸಿದಳು, ಅಷ್ಟೇ. ಕಲ್ಲಪ್ಪ ಮೇಲಿನಿಂದ ಇಳಿದು ಬಂದು ಅವಳ ಜೊತೆ ನಡೆದ. ನಿತಿನ್ ಹಿಂದೆ ಬಂದ. ವಂದನಾ ಜಿಪ್ಸಿಯ ಹತ್ತಿರವೇ ಉಳಿದಳು.

ಸಭೆಯ ಕೋಣೆ ತುಂಬಿತ್ತು. ಬಸು ಬಾಬು ನಯವಾಗಿಯೇ ಮಾತನಾಡಿದರು. ಪರಿಸರದ ಬಗ್ಗೆ ಹೇಳಿದರು, ಅಂಗಳದ ಅಂದದ ಬಗ್ಗೆ ಹೇಳಿದರು, ಪೂಜೆಗೆ ಬರುವ ಅತಿಥಿಗಳ ಬಗ್ಗೆ ಹೇಳಿದರು. ಯಾರ ಹೆಸರನ್ನೂ ಎತ್ತಲಿಲ್ಲ. ಆಗ ಮೂರನೆಯ ಮಹಡಿಯ ನಿವೃತ್ತ ಶಿಕ್ಷಕಿಯೊಬ್ಬರು ಎದ್ದರು. ಕೊರೊನಾ ವರ್ಷದ ಆ ದೊಡ್ಡ ಚಂಡಮಾರುತವಾದ ಮೇಲೆ ದಿನಗಟ್ಟಲೆ ಕರೆಂಟಿರಲಿಲ್ಲ, ಫೋನಿಗೆ ಸಿಗ್ನಲ್ ಇರಲಿಲ್ಲ. ಊರಲ್ಲಿ ಏನಾಗಿದೆ ಎಂದು ತಿಳಿದದ್ದು ಗಂಗಾದಿಯ ಜಿಪ್ಸಿಯ ರೇಡಿಯೊದಿಂದ. ನಾವೆಲ್ಲ ಅದರ ಸುತ್ತ ನಿಂತು ಸುದ್ದಿ ಕೇಳಿದ್ದನ್ನು ಮರೆಯಬಾರದು ಎಂದರು. ಹಲವರು ತಲೆಯಾಡಿಸಿದರು. ಬಸು ಬಾಬುಗೆ ಇದೇ ದಾರಿ ಅನುಕೂಲವೆನಿಸಿತು. ಹಾಗಾದರೆ ನಿಯಮ ನಿಯಮವೇ ಇರಲಿ, ಗಂಗಾದಿಯ ಗಾಡಿಗೆ ಮಾತ್ರ, ಅದು ಮಾಡಿದ ಉಪಕಾರ ನೆನೆದು, ವಿಶೇಷ ಅನುಮತಿ ಕೊಡೋಣ. ಪೂಜೆಯ ದಿನಗಳಲ್ಲಿ ಹೊರಗೆ, ಮಿಕ್ಕ ದಿನ ಒಳಗೆ, ವರ್ಷಕ್ಕೊಮ್ಮೆ ಕಮಿಟಿ ಪರಿಶೀಲಿಸಲಿ ಎಂದರು.

ನಿತಿನ್‌ಗೆ ಹಗುರವಾಯಿತು. ಒಪ್ಪಿಕೋ ಎಂದು ಅಮ್ಮನ ತೋಳು ಮುಟ್ಟಿದ. ಗಂಗೂಬಾಯಿ ಎದ್ದು ನಿಂತಳು. ಅವಳ ಕೈಯ ಎಣ್ಣೆ ಮುಂದಿನ ಕುರ್ಚಿಯ ಬೆನ್ನಿಗೆ ಹತ್ತಿತು.

"ಚಂಡಮಾರುತದ ಮಾತು ಬೇಡ," ಎಂದಳು. "ಅವತ್ತು ನನಗೂ ಸುದ್ದಿ ಬೇಕಿತ್ತು, ನಿಮಗೂ ಬೇಕಿತ್ತು, ಎಲ್ಲರೂ ಕೇಳಿದೆವು. ಅದು ಉಪಕಾರ ಅಲ್ಲ. ನಾನು ಆ ಗಾಡಿ ಇಟ್ಟುಕೊಂಡಿರೋದು ಯಾರಿಗಾದರೂ ಉಪಯೋಗಕ್ಕೆ ಬರ್ತದೆ ಅಂತಲ್ಲ. ನನ್ನದು ಅಂತ ಇಟ್ಟುಕೊಂಡಿದೀನಿ. ಸರ್ಕಾರ ಓಡಿಸು ಅಂತ ಕಾಗದ ಕೊಟ್ಟಿದೆ. ಅದು ನಿಂತಿರೋ ಜಾಗ ನಮ್ಮ ಮನೆಯ ಜೊತೆಗೇ ನಮ್ಮ ಹೆಸರಲ್ಲಿದೆ. ನನ್ನ ಜಾಗದಲ್ಲಿ ನನ್ನ ಗಾಡಿ ನಿಲ್ಲೋಕೆ ನನಗೆ ವಿಶೇಷ ಅನುಮತಿ ಬೇಡ."

ಬಸು ಬಾಬು, ನೀವು ತಪ್ಪು ತಿಳಿದಿರಿ ಗಂಗಾದಿ, ಹಳೆಯದನ್ನು ಬಿಡಲು ಎಲ್ಲರಿಗೂ ಕಷ್ಟವೇ ಎಂದರು.

"ಹಳೆಯದು ಅಂದಿರಿ. ನಾನು ಅದಕ್ಕಿಂತ ಹಳೆಯವಳು. ನನ್ನನ್ನು ಯಾವ ಭಾನುವಾರ ತೆರವು ಮಾಡ್ತೀರಿ?"

ಯಾರೋ ಹಿಂದೆ ನಕ್ಕು, ಕೂಡಲೇ ಸುಮ್ಮನಾದರು. ಬಸು ಬಾಬುವಿನ ಮುಖ ಕೆಂಪಾಯಿತು. ಅವರು ಹಳೆಯ ವಾಹನಗಳ ತೆರವಿನ ನಿರ್ಣಯವನ್ನು ಮತಕ್ಕೆ ಹಾಕಿದರು. ಒಂದೊಂದೇ ಕೈ ಎದ್ದವು. ಶಿಕ್ಷಕಿ ಎತ್ತಲಿಲ್ಲ, ಇನ್ನು ಕೆಲವರೂ ಎತ್ತಲಿಲ್ಲ. ಆದರೆ ಎತ್ತಿದವರೇ ಹೆಚ್ಚು. ಅದರಲ್ಲಿ ಚಂಡಮಾರುತದ ಸಮಯದಲ್ಲಿ ಜಿಪ್ಸಿಯ ಬಾಗಿಲಿಗೆ ಒರಗಿ ನಿಂತಿದ್ದವರೂ ಇದ್ದರು. ಗಂಗೂಬಾಯಿ ಅವರ ಮುಖವನ್ನು ಒಂದೊಂದಾಗಿ ನೋಡಿದಳು. ವಿರೋಧವಾಗಿ ಯಾರು ಎಂದಾಗ ಅವಳಿಗಿಂತ ಮುಂಚೆ ಎದ್ದ ಕೈ ಕಲ್ಲಪ್ಪನದು. ಅದರ ಹಿಂದೆ, ಮತವೇ ಇಲ್ಲದ ನಿತಿನ್ ಕೂಡ, ತಡೆದು ತಡೆದು, ಕೈ ಎತ್ತಿದ್ದ. ಅಮ್ಮ ತಿರುಗಿ ನೋಡಿದಾಗ ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡ.

ನಿರ್ಣಯ ಪಾಸಾಯಿತು. ಗಾಡಿ ತೆಗೆಯುವುದಿಲ್ಲ ಎಂದು ತಾನು ಹೇಳಿದ್ದನ್ನೂ ಅದರ ಕೆಳಗೇ ಬರೆದುಕೊಳ್ಳಿ ಎಂದು ಹೇಳಿ ಗಂಗೂಬಾಯಿ ಹೊರಗೆ ಬಂದಳು.

ಅಂಗಳದಲ್ಲಿ ವಂದನಾ ಬಾನೆಟ್ಟಿಗೆ ಒರಗಿ ಹೊಸ ಆಂಟೆನಾದ ಬುಡವನ್ನೇ ನೋಡುತ್ತಿದ್ದಳು. ಏನಾಯಿತು ಎಂದು ಅವಳು ಕೇಳಿದಳು. ಸೋತೆವು ಎಂದಳು ಅತ್ತೆ. ಪಾನಾ ಎಲ್ಲಿ ಎಂದೂ ಕೇಳಿದಳು. ಬುಸುಗುಡುವ ಸದ್ದಿನ ಬಗ್ಗೆ ನಡೆದು ಬರುವಾಗಲೇ ಗಂಗೂಬಾಯಿಗೆ ಹೊಳೆದಿತ್ತು. ಆಂಟೆನಾದ ಬುಡ ಗಾಡಿಯ ಬರಿಯ ಲೋಹಕ್ಕೆ ತಾಗಬೇಕು. ಅಲ್ಲಿ ಬಣ್ಣ ಮತ್ತು ತುಕ್ಕು ಸೇರಿ ಪರದೆ ಕಟ್ಟಿದ್ದವು. ನಟ್ಟು ಮತ್ತೆ ಬಿಚ್ಚಿ, ಮಡ್‌ಗಾರ್ಡಿನ ಕೆಳಗೆ ತಲೆ ಹಾಕಿ, ಉಜ್ಜುಕಾಗದದಿಂದ ಆ ತೂತಿನ ಸುತ್ತ ತಿಕ್ಕತೊಡಗಿದಳು. ಸಭೆಯ ಸಿಟ್ಟೆಲ್ಲ ಅಲ್ಲಿಗೇ ಹೋಯಿತು. ತುಕ್ಕಿನ ಪುಡಿ ಮುಖದ ಮೇಲೆ ಉದುರಿತು. ಉಜ್ಜಿ ಉಜ್ಜಿ, ಉಕ್ಕು ಬೆಳ್ಳಗೆ ಹೊಳೆದ ಮೇಲೆ ಬುಡ ಕೂರಿಸಿ, ರಬ್ಬರು ಮೆತ್ತೆ ಸರಿಪಡಿಸಿ, ನಟ್ಟು ಬಿಗಿದಳು. ಸಭೆ ಮುಗಿಸಿ ಬಂದವರು ಗುಂಪಾಗಿ ಅಲ್ಲಲ್ಲೇ ನಿಂತಿದ್ದರು. ಅವಳು ಯಾರ ಕಡೆಗೂ ನೋಡದೆ ಕಡ್ಡಿಯ ಮೂರೂ ತುಂಡುಗಳನ್ನು ಪೂರ್ತಿ ಎಳೆದು ನಿಲ್ಲಿಸಿದಳು.

"ಹಾಕು," ಅಂದಳು.

ವಂದನಾ ಗುಂಡಿ ತಿರುಗಿಸಿದಳು. ಒಂದು ಕ್ಷಣ ಗೊರಗೊರ, ಆಮೇಲೆ ಸ್ವಚ್ಛವಾಗಿ ಒಂದು ಹೆಣ್ಣು ದನಿ, ಬಂಗಾಳಿಯಲ್ಲಿ: ಬಂಗಾಳ ಕೊಲ್ಲಿಯ ಉತ್ತರದಲ್ಲಿ ವಾಯುಭಾರ ಕುಸಿತ, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು. ವಂದನಾ ಸೀಟಿನಲ್ಲಿ ಕೂತಲ್ಲೇ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ನಕ್ಕಳು. ಕೈ ತೆಗೆದಾಗ ಕೆನ್ನೆಯ ಮೇಲೆ ಹತ್ತು ಬೆರಳಿನ ಕಪ್ಪು ಮೂಡಿತ್ತು. ಸದ್ದು ಸ್ವಲ್ಪ ಕಡಿಮೆ ಮಾಡಲೇ ಎಂದು ಕೇಳಿದಳು. ಬೇಡ ಎಂದಳು ಗಂಗೂಬಾಯಿ.

ಮೂರ್ತಿ ಬರುವ ದಿನ ಲಾರಿ ತಿರುಗಲು ಜಾಗ ಬೇಕಿತ್ತು. ಗಂಗೂಬಾಯಿ ಪ್ರತಿವರ್ಷದ ಹಾಗೆ ತಾನೇ ಜಿಪ್ಸಿಯನ್ನು ರಸ್ತೆಗೆ ತಂದು ನಿಲ್ಲಿಸಿದಳು. ದುರ್ಗೆಯನ್ನು ಇಳಿಸಿ ಲಾರಿ ಹೊರಟ ಮೇಲೆ ಗಾಡಿಯನ್ನು ಅದರ ಜಾಗಕ್ಕೆ ತರಲು ಹೊರಟಳು. ಈ ಸಲ ಬಸು ಬಾಬು ಗೇಟಿನ ಬಳಿ ಅಡ್ಡ ನಿಂತು, ನಿರ್ಣಯ ಆಗಿದೆ ಗಂಗಾದಿ ಎಂದು ನೆನಪಿಸಿದರು. ಪೂಜೆ ಮುಗಿದ ಮೇಲೆ ವಕೀಲರ ನೋಟಿಸು ಕಳಿಸಬೇಕಾಗುತ್ತದೆ ಎಂದೂ ಹೇಳಿದರು. ಕಳಿಸಿ ಎಂದಳು. ಇಂಜಿನ್ ಚಾಲೂ ಇತ್ತು, ಅವಳ ಕಾಲು ಕ್ಲಚ್ಚಿನ ಮೇಲಿತ್ತು. ಅವರು ಪಕ್ಕಕ್ಕೆ ಸರಿದರು, ಗಾಡಿ ತನ್ನ ಜಾಗಕ್ಕೆ ಬಂತು. ನೋಟಿಸು ಬರಲಿಲ್ಲ. ಬಂದರೆ ಕಾಗದಪತ್ರ ಹಿಡಿದು ಕೋರ್ಟಿಗೇ ಹೋಗುವುದೆಂದು ಅವಳು ಆಗಲೇ ನಿರ್ಧರಿಸಿಯಾಗಿತ್ತು.

ದಸರೆಯ ಮಾರನೆಯ ವಾರ ಮನೆಯಲ್ಲಿ ಜೋಳದ ಹಿಟ್ಟು ಮುಗಿಯಿತು. ಲೇಕ್ ಮಾರ್ಕೆಟ್ಟಿನ ದಕ್ಷಿಣ ಭಾರತದವರ ಅಂಗಡಿಯಲ್ಲಿ ಅದು ಸಿಗುತ್ತಿತ್ತು, ಒಳ್ಳೆಯ ಬ್ಯಾಡಗಿ ಮೆಣಸಿನಕಾಯಿಯೂ ಸಿಗುತ್ತಿತ್ತು. ಮೆಟ್ರೊದಲ್ಲಿ ಹೋದರೆ ಅರ್ಧ ಸಮಯ ಸಾಕು ಎಂದು ನಿತಿನ್ ಫೋನಿನಲ್ಲಿ ಹೇಳಿದ. ಗೊತ್ತು ಎಂದಳು ಗಂಗೂಬಾಯಿ. ಕಲ್ಲಪ್ಪ ಚೀಲ ಹಿಡಿದು ಪಕ್ಕದ ಸೀಟಿಗೆ ಹತ್ತಿ, ಇನ್ನೊಂದು ಕೈಯಿಂದ ಮುಂದಿನ ಹಿಡಿಕೆಯನ್ನು ಭದ್ರವಾಗಿ ಹಿಡಿದುಕೊಂಡ. ಅವಳು ಓಡಿಸುವಾಗ ಅವನು ಯಾವತ್ತೂ ಕೂರುವುದು ಹಾಗೆಯೇ. ಊರ ಉತ್ತರದಿಂದ ದಕ್ಷಿಣದವರೆಗೆ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗಬೇಕಿತ್ತು. ಅವಳು ಕನ್ನಡಿ ಸರಿಪಡಿಸಿ, ಮೊದಲ ಗೇರಿಗೆ ಹಾಕಿ ಗೇಟು ದಾಟಿದಳು. ದೊಡ್ಡ ರಸ್ತೆಗೆ ತಿರುಗುವಾಗ ಹಿಂದಿನ ಟ್ಯಾಕ್ಸಿಯವನು ಹಾರ್ನ್ ಒತ್ತುತ್ತಲೇ ಇದ್ದ. ಗಂಗೂಬಾಯಿ ಅವಸರ ಮಾಡಲಿಲ್ಲ.